ಹಂದಿ ಸೀಳಿದ ಕಾಲು

ಪಶುವೈದ್ಯಕೀಯ ಕಾಲೇಜಿನಲ್ಲಿ ಸ್ನಾತಕೋತ್ತರ ಓದಿಗೆ ಸೇರಿದಾಗ ನನ್ನ ಪ್ರಬಂಧದ ವಿಷಯ ಬೇಗ ನಿರ್ಧಾರವಾಯಿತು: ಚರ್ಮದ ಕಸಿ. ಮೈಯ ಒಂದು ಕಡೆಯ ಚರ್ಮ ತೆಗೆದು ಗಾಯವಾದ ಕಡೆ ಕೂರಿಸುವುದು. ಯಾವ ಪ್ರಾಣಿಯ ಮೇಲೆ ಎಂಬುದು ಮಾತ್ರ ತಿಂಗಳುಗಟ್ಟಲೆ ಎಳೆಯಿತು.

ಇಲಿ ಸುಲಭವಾಗಿ ಸಿಗುತ್ತಿತ್ತು. ಆದರೆ ಇಲಿಯ ಚರ್ಮ ಬಲು ಸಡಿಲ. ಗಾಯದ ಅಂಚುಗಳು ತಾವೇ ಎಳೆದುಕೊಂಡು ಕೂಡಿಬಿಡುತ್ತವೆ. ವಾಸಿಯಾದದ್ದು ಕಸಿಯಿಂದಲೋ ಅಲ್ಲವೋ ತಿಳಿಯುವುದಿಲ್ಲ. ಮೊಲದ್ದೂ ಹೆಚ್ಚುಕಡಿಮೆ ಅದೇ ಕಥೆ. ಹಂದಿಯ ಚರ್ಮ ಮನುಷ್ಯರ ಚರ್ಮಕ್ಕೆ ಹತ್ತಿರ, ಆದರೆ ನಮಗೆ ಬೇಕಾಗಿದ್ದದ್ದು ನಾಯಿಗಳ ಚಿಕಿತ್ಸೆ. "ಹಾಗಾದರೆ ಆರು ಆರೋಗ್ಯವಂತ ನಾಯಿ ತಗೊಳ್ಳಿ. ಕಾಲಿನ ಮೇಲೆ ಒಂದೇ ಅಳತೆಯ ಗಾಯ ಮಾಡಿ, ಕಸಿ ಹಾಕಿ," ಎಂದರು ಮಾರ್ಗದರ್ಶಕರು. ಅರ್ಜಿ ತುಂಬಿದೆ. ವಾರ ಕಳೆದರೂ ಸಹಿ ಮಾಡಲು ಕೈ ಬರಲಿಲ್ಲ.

ಆಗ ರಜೆಗೆಂದು ನಮ್ಮೂರು ಹರಿಹರಪುರಕ್ಕೆ ಬಂದವಳು, ಹಿಂದೆ ನನಗೆ ಕೆಲಸ ಕಲಿಸಿದ್ದ ಹಿರಿಯ ಡಾಕ್ಟರನ್ನು ನೋಡಲು ಕೊಪ್ಪದ ಪಶು ಆಸ್ಪತ್ರೆಗೆ ಹೋದೆ. ಮಾತಾಡುತ್ತಿರುವಾಗಲೇ ಬಸರೀಕಟ್ಟೆ ಕಡೆಯ ಜೀಪೊಂದು ಆಸ್ಪತ್ರೆಯ ಮುಂದೆ ನಿಂತಿತು. ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು ಗೋಣಿಚೀಲದಲ್ಲಿ ಸುತ್ತಿದ ಕಂದು ನಾಯಿಯನ್ನು ಎತ್ತಿಕೊಂಡು ಇಳಿದರು. ಕಾಡುಹಂದಿ ಕೋರೆಯಲ್ಲಿ ಸೀಳಿತ್ತು. ಹಿಂಗಾಲಿನ ಮೊಣಕಾಲಿಂದ ಕೆಳಗೆ ಅಂಗೈಯಗಲ ಚರ್ಮವೇ ಇರಲಿಲ್ಲ.

"ಇದನ್ನ ಹೊಲಿಯಕ್ಕೆ ಆಗಲ್ಲ ಮಾರಾಯ್ತಿ, ಎಳೆಯಕ್ಕೆ ಚರ್ಮವೇ ಇಲ್ಲ," ಎಂದರು ಡಾಕ್ಟರು. "ಇಂಥವು ತಿಂಗಳಿಗೆ ಒಂದೆರಡಾದ್ರೂ ಬರ್ತವೆ. ಕೆಲವಕ್ಕೆ ಕಾಲೇ ತೆಗಿಬೇಕಾಗ್ತದೆ."

ನಾನು ಆ ಗಾಯವನ್ನೇ ನೋಡುತ್ತ ನಿಂತೆ. ಇಲ್ಲಿ ಗಾಯವಾದ ನಾಯಿಗಳಿರುವಾಗ ಅಲ್ಲಿ ಚೆನ್ನಾಗಿರುವ ನಾಯಿಗೆ ಗಾಯ ಮಾಡುವುದೇಕೆ?

ಮಧ್ಯಾಹ್ನವೇ ಎಸ್‌ಟಿಡಿ ಬೂತಿನಿಂದ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. "ಒಂದೊಂದು ಗಾಯ ಒಂದೊಂದು ಥರ ಇರುತ್ತೆ. ಹೋಲಿಸೋದು ಹೇಗೆ?" ಎಂದು ಕೇಳಿದರು. ಬೂತಿಗೆ ಬರುವ ದಾರಿಯುದ್ದಕ್ಕೂ ಯೋಚಿಸಿದ್ದನ್ನು ಹೇಳಿದೆ: ಒಂದೇ ಗಾಯದ ಮೇಲಿನರ್ಧಕ್ಕೆ ಚರ್ಮವನ್ನು ಇಡಿಯಾಗಿ ಕೂರಿಸುವುದು, ಕೆಳಗಿನರ್ಧಕ್ಕೆ ಸಣ್ಣ ತೂತು ಮಾಡಿ ಬಲೆಯಂತೆ ಕೂರಿಸುವುದು. ಯಾವುದು ಚೆನ್ನಾಗಿ ಹಿಡಿಯುತ್ತದೆಂದು ಅದೇ ನಾಯಿಯಲ್ಲಿ ಗೊತ್ತಾಗುತ್ತದೆ. "ಬರೆದು ಕಳಿಸಿ, ಕಾಲೇಜಿನ ನೈತಿಕ ಸಮಿತಿಯ ಮುಂದೆ ಇಡೋಣ," ಎಂದರು ಅವರು.

ಗಾಯ ತೊಳೆದು ಕಟ್ಟುತ್ತ, ಕಸಿ ಹಿಡಿಯಲು ಬೇಕಾದ ಕೆಂಪು ಮಾಂಸ ಚಿಗುರಲು ಎರಡು ವಾರ ಕಾದೆವು. ಅಷ್ಟರಲ್ಲಿ ಸಮಿತಿಯ ಒಪ್ಪಿಗೆಯೂ, ರಜೆ ಮುಗಿದ ಮೇಲೂ ಕೊಪ್ಪದಲ್ಲೇ ಕೆಲಸ ಮುಂದುವರಿಸಲು ಅನುಮತಿಯೂ ಬಂದವು. ಇನ್ನು ನಾಯಿಯ ಯಜಮಾನಿಯ ಒಪ್ಪಿಗೆ.

"ನನ್ನ ನಾಯಿ ಮೇಲೆ ಪರೀಕ್ಷೆ ಮಾಡ್ತೀರಾ?" ಎಂದು ನೇರವಾಗಿಯೇ ಕೇಳಿದರು.

"ಹೌದು. ಹಿಡಿದ್ರೆ ಕಾಲು ಉಳೀತದೆ. ಹಿಡೀದೆ ಇದ್ರೆ ಕಾಲು ಈಗ ಹೇಗಿದೆಯೋ ಹಾಗೇ, ಚರ್ಮ ತೆಗೆದ ಪಕ್ಕೆಯಲ್ಲಿ ಒಂದು ಹೊಲಿಗೆ ಹೆಚ್ಚು. ನೀವು ಬೇಡ ಅಂದ್ರೂ ಗಾಯ ತೊಳೆದು ಕಟ್ಟೋದು ನಿಲ್ಲಿಸಲ್ಲ."

ಅವರು ನಾಯಿಯ ಕಿವಿಯ ಬುಡ ಕೆರೆದರು. "ಸುಳ್ಳು ಹೇಳಲಿಲ್ಲ ನೀವು. ಮಾಡಿ ಡಾಕ್ಟ್ರಮ್ಮ."

ಪಕ್ಕೆಯ ಚರ್ಮ ತೆಗೆದು ಕೂರಿಸಿದೆ. ಕಚ್ಚಿ ಬಿಚ್ಚದಂತೆ, ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೆಟ್ಟನ್ನು ಕುತ್ತಿಗೆಗೆ ಕಟ್ಟಿದೆವು. ನಾಲ್ಕನೇ ದಿನ ಕಟ್ಟು ಬಿಚ್ಚಿದರೆ ಇಡೀ ಕಸಿ ನೇರಳೆಗಟ್ಟಿತ್ತು. ಸತ್ತುಹೋಯಿತು, ಆ ಹೆಂಗಸಿಗೆ ಏನು ಹೇಳಲಿ ಎಂದುಕೊಂಡೆ. ಡಾಕ್ಟರು ಬಗ್ಗಿ ನೋಡಿ, "ಕಪ್ಪಾಗಿಲ್ಲವಲ್ಲ, ಮುಚ್ಚು. ಇನ್ನು ನಾಲ್ಕು ದಿನ ಮುಟ್ಟಬೇಡ," ಎಂದರು. ಆ ನಾಲ್ಕು ದಿನ ಅಮ್ಮ ಬಡಿಸಿದ್ದು ಏನೆಂದೇ ನನಗೆ ನೆನಪಿಲ್ಲ.

ಎಂಟನೇ ದಿನ ಕಟ್ಟು ಬಿಚ್ಚುವಾಗ ನಾಯಿಯ ಯಜಮಾನಿಯೂ ಪಕ್ಕದಲ್ಲಿದ್ದರು. ಕೊನೆಯ ಸುತ್ತು ಬಿಚ್ಚಿಕೊಂಡಾಗ ತಿಳಿಗುಲಾಬಿ ಬಣ್ಣ ಕಂಡಿತು. ಮೇಲಿನರ್ಧದ ಒಂದು ಅಂಚು ಉದುರಿತ್ತು. ಬಲೆಯಂತೆ ಹಾಕಿದ್ದು ಪೂರ್ತಿ ಹಿಡಿದಿತ್ತು. ನಾನು ಮೇಜಿನ ಅಂಚು ಹಿಡಿದು ಸ್ಟೂಲಿನ ಮೇಲೆ ಕುಳಿತುಬಿಟ್ಟೆ. "ಎಂತ ಆಯ್ತು? ಕೆಟ್ಟಿತಾ?" ಎಂದು ಅವರು ಗಾಬರಿಯಾದರು. "ಇಲ್ಲ, ಹಿಡಿದಿದೆ," ಎನ್ನುವಷ್ಟರಲ್ಲಿ ನನಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಮುಂದೆ ನರಸಿಂಹರಾಜಪುರ, ಶೃಂಗೇರಿ ಕಡೆಯಿಂದಲೂ ಅಂಥ ನಾಯಿಗಳು ಬಂದವು. ಎಲ್ಲದಕ್ಕೂ ಕಸಿ ಹಿಡಿಯಲಿಲ್ಲ. ಅದನ್ನೂ ಪ್ರಬಂಧದಲ್ಲಿ ಬರೆದೆ. ಕಾಲೇಜಿಗೆ ಹಿಂತಿರುಗಿದ ದಿನ ಮೊದಲು ಪ್ರಾಣಿಗಳ ಕೊಠಡಿಗೆ ಹೋದೆ. ನನಗೆಂದು ಗೊತ್ತುಮಾಡಿದ್ದ ಆರು ನಾಯಿಗಳು ಬಿಸಿಲಿಗೆ ಮೈಚಾಚಿ ಮಲಗಿದ್ದವು. ಒಂದು ಎದ್ದುಬಂದು ನನ್ನ ಕೈ ಮೂಸಿ, ಮತ್ತೆ ತನ್ನ ಜಾಗಕ್ಕೆ ಹೋಗಿ ಮಲಗಿತು.