ಲಕೋಟೆಯಷ್ಟು ಜಾಗ

ನೆನೆದ ಕಾಗದದಿಂದ ಬಿಡುವ ಗೋಂದಿನ ವಾಸನೆ ಬಂದರೆ ಈಗಲೂ ನಾನು ಕೈಲಿದ್ದ ಕೆಲಸ ಬಿಟ್ಟು ನಿಲ್ಲುತ್ತೇನೆ. ಅದು ಸಾಗರದ ನಮ್ಮ ಮಾವನ ಮನೆಯ ವಾಸನೆ. ಅಮ್ಮನ ಅಣ್ಣನಾದ ಅವನು ಗಡಿಯಾರ ರಿಪೇರಿ ಮಾಡುತ್ತಿದ್ದ. ಸಂಜೆ ಅಂಗಡಿ ಮುಚ್ಚಿ ಬಂದವನು ಅದೇ ಚಿಮಟ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅದೇ ಮಸೂರ ಹಿಡಿದು ಚೀನಾದ ಅಂಚೆಚೀಟಿಗಳ ಮುಂದೆ ಕೂರುತ್ತಿದ್ದ. ಹಾಯಿದೋಣಿ, ಕೊಕ್ಕರೆ, ನಮಗೆ ಯಾರಿಗೂ ಓದಲು ಬಾರದ ಅಕ್ಷರಗಳು. ಪ್ರತಿಯೊಂದರ ಕೆಳಗೂ ಪೆನ್ಸಿಲ್‌ನಲ್ಲಿ ವಿವರ ಬರೆಯುತ್ತಿದ್ದ. ಪೆನ್ನಿನಲ್ಲಿ ಯಾಕೆ ಬರೆಯುವುದಿಲ್ಲ ಎಂದರೆ, "ಇದಕ್ಕಿಂತ ಚೊಲೋದು ಸಿಕ್ರೆ ಅಳಿಸ್ಬೇಕಲ್ಲ" ಅನ್ನುತ್ತಿದ್ದ.

ಆಲ್ಬಮ್ಮಿನ ಮೊದಲ ಪುಟದಲ್ಲಿ ಮಾತ್ರ ಒಂದೇ ಚೀಟಿ, ಕೆಂಪು ಹೆಬ್ಬಾಗಿಲಿನ ಚಿತ್ರದ್ದು. ಅದರ ಪಕ್ಕದಲ್ಲಿ ಲಕೋಟೆಯಷ್ಟು ಖಾಲಿ ಜಾಗ. ಆ ಚೀಟಿ ಅಮ್ಮ ಕೊಟ್ಟದ್ದು. ಹಡಗಿನಲ್ಲಿ ಅಡುಗೆ ಕೆಲಸಕ್ಕಿದ್ದ ಅಜ್ಜನ ತಮ್ಮ ಶಾಂಘೈಯಿಂದ ಹಾಕಿದ ಕಾಗದ ಊರಿಗೆ ಬಂದಾಗ ಮಾವ ಸಾಗರದಲ್ಲಿ ಓದುತ್ತಿದ್ದ, ಅಮ್ಮ ಇನ್ನೂ ಲಂಗ ಹಾಕುವ ಹುಡುಗಿ. ಅಣ್ಣನಿಗೆ ಆಗಲೇ ಚೀಟಿಯ ಹುಚ್ಚು. ಅವನು ರಜೆಗೆ ಬರುವಷ್ಟರಲ್ಲಿ ಕೊಡೋಣವೆಂದು ಅವಳು ಲಕೋಟೆಯನ್ನು ಉಗುರುಬೆಚ್ಚಗಿನ ನೀರಲ್ಲಿ ತೇಲಿಬಿಟ್ಟು, ಚೀಟಿ ಬಿಡಿಸಿ, ಒಣಗಿಸಿ ಇಟ್ಟಳು. ಒದ್ದೆ ಲಕೋಟೆ ಬಚ್ಚಲೊಲೆಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಲಿಂಗನಮಕ್ಕಿ ಅಣೆಕಟ್ಟೆಯ ನೀರು ಏರಿ, ಊರೂ ಊರಿನ ಅಂಚೆಮನೆಯೂ ಮುಳುಗಿದವು. ಊರಿನ ಮನೆಗಳವರೆಲ್ಲ ದಿಕ್ಕಿಗೊಬ್ಬರಾಗಿ ಚದುರಿದರು.

ಒಂದು ದಿನ ಮಾವ ನನಗೆ ಹೇಳಿದ: "ಚೀಟಿ ಬೇಕಾದಷ್ಟು ಸಿಗ್ತವೆ ಕೂಸೇ. ಲಕೋಟೆ ಬೆನ್ನ ಮೇಲೆ ಅದು ದಾಟಿ ಬಂದ ಊರೂರಿನ ಅಂಚೆಮುದ್ರೆ ಇರ್ತದೆ. ಕಡೇ ಮುದ್ರೆ ನಮ್ಮೂರಿಂದು. ಆ ಮುದ್ರೆ ಈಗ ಎಲ್ಲಿ ಹುಡುಕೋದು?" ಆಮೇಲೆ ಮೆಲ್ಲಗೆ, "ನಿಮ್ಮಮ್ಮಂಗೆ ಇದು ಗೊತ್ತಾಗ್ಬಾರ್ದು" ಅಂದ. ಊರಿನ ಮುದ್ರೆ ಬಿದ್ದ ಇನ್ನೊಂದು ಲಕೋಟೆ ಯಾರದಾದರೂ ಹಳೇ ಪೆಟ್ಟಿಗೆಯಲ್ಲಿ ಸಿಕ್ಕೀತೆಂದು ಜಾಗ ಬಿಟ್ಟಿದ್ದ. ಅಮ್ಮ ಕೇಳಿದ್ದಕ್ಕೆ, "ಕೊಟ್ಟೋರ ಹೆಸರು ಬರೀಬೇಕಲ್ಲ, ಅದಕ್ಕೆ" ಅಂದಿದ್ದನಂತೆ.

ಅಲ್ಲಿಂದ ನನ್ನ ದಿಗಿಲು ಶುರುವಾಯಿತು. ಮಾವನ ಮನೆಗೆ ಯಾರು ಬಂದರೂ ಅಮ್ಮ ಚೀಟಿ ಬಿಡಿಸಿದ ಕತೆ ಹೇಳುವಳು. ಅವರು ಏನು ಅಂದುಬಿಡುತ್ತಾರೋ ಎಂದು ನಾನು ಅವರ ಬಾಯನ್ನೇ ನೋಡುತ್ತಿದ್ದೆ. ಒಮ್ಮೆ ಮೇಳಿಗೆಯಿಂದ ಒಬ್ಬ ಮೇಷ್ಟ್ರು ಬಂದರು. ಹಳೇ ಅಂಚೆಯ ಚರಿತ್ರೆಯನ್ನೇ ಕೆದಕುತ್ತಿದ್ದವರು. ಮೊದಲ ಪುಟ ತೆರೆದವರೇ, "ಇದನ್ನ ಲಕೋಟೆಯಿಂದ ಕಿತ್ತ ಪುಣ್ಯಾತ್ಮ ಯಾರು ಮಾರಾಯ್ರೇ?" ಅಂದರು. ಅಮ್ಮ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ನಾನೇ," ಅಂದ ಮಾವ. "ಆಗ ಬುದ್ಧಿ ಇರ್ಲಿಲ್ಲ."

"ಸುಳ್ಳು. ಬಿಡಿಸಿದ್ದು ನಾನು," ಅಮ್ಮ ನಕ್ಕಳು. "ಇವನ ಕೈಲಿ ಕೊಟ್ಟಿದ್ರೆ ಹರಿದೇ ಇಡ್ತಿದ್ದ."

ಮೇಷ್ಟ್ರು ಮಾವನ ಮುಖ ನೋಡಿದರು. ಮಸೂರವನ್ನು ಕಣ್ಣಿಗೆ ಇಟ್ಟುಕೊಂಡು ಚೀಟಿಯ ಮೇಲೆ ಬಗ್ಗಿದರು.

"ಚೆನ್ನಾಗಿ ಬಿಡಿಸಿದ್ದೀರಿ ತಾಯಿ. ಅಂಚಿನ ಒಂದು ಹಲ್ಲೂ ಮುರ್ದಿಲ್ಲ."

ಅಮ್ಮ ಅವರಿಗೆ ಎರಡನೇ ಸಲ ಕಾಫಿ ಕೊಟ್ಟಳು.

ಕಳೆದ ಮಳೆಗಾಲದಲ್ಲಿ ಮಾವ ತೀರಿಹೋದ. ಆ ಮನೆ ಇದ್ದಲ್ಲಿ ಈಗ ಮೊಬೈಲ್ ಅಂಗಡಿಗಳಿವೆ. ಆಲ್ಬಮ್ ಹೊಸನಗರಕ್ಕೆ, ನಮ್ಮ ಮನೆಗೆ ಬಂತು. ಅಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಮೊದಲ ಪುಟವನ್ನಷ್ಟೇ ನೋಡುತ್ತ ಕೂರುತ್ತಾಳೆ. ಲಕೋಟೆ ಇಟ್ಟುಕೊಳ್ಳಬೇಕಿತ್ತೇ ಎಂದು ಎಂದಾದರೂ ಕೇಳಿಬಿಟ್ಟರೆ ಏನು ಹೇಳಲಿ ಎಂಬ ಅಳುಕು ನನಗೆ; "ನಾನೇ" ಅನ್ನುವವನು ಈಗ ಇಲ್ಲ.

ಮೊನ್ನೆ ಅವಳು ಖಾಲಿ ಜಾಗದ ಮೇಲೆ ಬೆರಳಾಡಿಸುತ್ತ, "ಹೆಸರು ಬರೀತೀನಿ ಅಂದಿದ್ದ. ಬರೀಲೇ ಇಲ್ಲ ನೋಡು. ನೀನಾದ್ರೂ ಬರಿ," ಅಂದಳು.

ಮಾವನ ಪೆನ್ಸಿಲ್ ಅಲ್ಲೇ ಇತ್ತು. ಅವನು ಜೀವಮಾನವೆಲ್ಲ ಕಾದಿಟ್ಟ ಜಾಗ. ಪೆನ್ಸಿಲ್ ಎತ್ತಿ ಮತ್ತೆ ಅಲ್ಲೇ ಇಟ್ಟೆ. ಆಮೇಲೆ ಪೆನ್ನು ತೆಗೆದುಕೊಂಡು, 'ತಂಗಿ ಗಿರಿಜೆ ಕೊಟ್ಟದ್ದು' ಎಂದು ಬರೆದೆ.

"ಊರಿನ ಹೆಸರೂ ಹಾಕು," ಅಂದಳು ಅಮ್ಮ.

ಹಾಕಿದೆ. ಶಾಯಿ ಒಣಗುವವರೆಗೂ ಇಬ್ಬರೂ ಪುಟ ಮುಚ್ಚಲಿಲ್ಲ.