ಎಡಗಡೆಯ ಹಲಗೆ

ನನ್ನ ಅಪ್ಪನ ಎಡಗಿವಿಯನ್ನು ಕೆಡಿಸಿದವರು ಪುಣೆ ಬಳಿಯ ಕುರಕುಂಭದ ಒಂದು ರಾಸಾಯನಿಕ ಕಾರ್ಖಾನೆಯ ಆಡಳಿತದವರು; ಅದನ್ನು ಮುಚ್ಚಿಟ್ಟವರು, ಒಂದು ಬಾರಿಯೂ ಆ ಕಿವಿಯನ್ನು ಪರೀಕ್ಷಿಸದೆ ವರ್ಷವರ್ಷವೂ ಸಹಿ ಹಾಕಿದ ಅದರ ವೈದ್ಯರು. ಇದನ್ನು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೆ ಅಳೆದು ಬರೆಯುತ್ತಿದ್ದೇನೆ. ಅಳೆದದ್ದು ಪುಣೆಯ ಬಿಬವೇವಾಡಿಯ ನಮ್ಮ ಮನೆಯ ಹಾಲಿನಲ್ಲಿ, ಎರಡು ಪ್ಲೈವುಡ್ ಹಲಗೆಗಳನ್ನು ನಿಲ್ಲಿಸಿ, ಅಳತೆಯ ಟೇಪು ಹಿಡಿದು.

ಅಪ್ಪ ನಿವೃತ್ತನಾದ ಮೇಲೆ ಮನೆಯಲ್ಲಿ ಮೊದಲು ಶುರುವಾದದ್ದು ಸಂಗೀತದ ತಕರಾರು. ಧಾರವಾಡದ ಪಡಸಾಲೆಗಳಲ್ಲಿ ಕಂಬಕ್ಕೊರಗಿ ಕೂತು ತಂಬೂರಿ ಕೇಳಿ ಬೆಳೆದವನು ಅವನು. "ಈ ಡಬ್ಬಿಯೊಳಗ ತಂಬೂರಿ ಸತ್ತದ," ಎಂದು ನಮ್ಮ ಹಳೆಯ ಸ್ಪೀಕರನ್ನು ಬೈಯುತ್ತಿದ್ದ. "ತಂತಿ ಮೀಟಿದ್ದು ಕೇಳಸ್ತದ. ಅದರ ಹಿಂದಿಂದ ಜೇನುಹುಳದಂಗ ಗುಂಯ್ ಅಂತ ಏಳತದಲ್ಲ, ಅದು ಕೇಳ್ಸವಲ್ದು."

ನಾನು ನಂಬಿದೆ. ಅಪ್ಪನ ಕಿವಿಯ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಹುಡುಕಿದಾಗ ಓಪನ್ ಬ್ಯಾಫಲ್ ಎಂಬ ಸ್ಪೀಕರ್ ಸಿಕ್ಕಿತು. ಅದಕ್ಕೆ ಪೆಟ್ಟಿಗೆಯಿಲ್ಲ. ಅಗಲವಾದ ಹಲಗೆಗೆ ದುಂಡಗೆ ತೂತು ಕೊರೆದು ಸ್ಪೀಕರ್ ಕೂರಿಸುವುದು, ಹಿಂಬದಿಯನ್ನು ಬಯಲಾಗಿಯೇ ಬಿಡುವುದು. ದನಿ ಮುಂದಕ್ಕೂ ಹೊರಡುತ್ತದೆ, ಹಿಂದಕ್ಕೂ ಹೊರಡುತ್ತದೆ. ಹಿಂದೆ ಹೋದದ್ದು ಗೋಡೆಗೆ ಬಡಿದು ತುಸು ತಡವಾಗಿ ಮರಳಿದರೆ ಕೋಣೆ ತೆರೆದುಕೊಂಡಂತಾಗುತ್ತದೆ. ಅದಕ್ಕೆ ಗೋಡೆಯಿಂದ ಮೂರು ನಾಲ್ಕು ಅಡಿ ಜಾಗ ಬಿಡಬೇಕು. ನಮ್ಮ ಹಾಲಿನಲ್ಲಿ ಅಷ್ಟು ಬಿಟ್ಟರೆ ಮನುಷ್ಯರಿಗೆ ಉಳಿಯುವುದು ಒಂದು ಕುರ್ಚಿ. ಪುಣೆಯ ಕ್ಯಾಂಪ್ ಬಡಾವಣೆಯ ಹಳೆಯ ರೇಡಿಯೋ ಅಂಗಡಿಯಿಂದ ಎರಡು ಸ್ಪೀಕರ್ ತಂದು, ಬಾಲ್ಕನಿಯಲ್ಲಿ ಹಲಗೆ ಕೊಯ್ದು, ಉಜ್ಜಿ, ಹಿಂದೆ ಊರುಗೋಲು ಕೊಟ್ಟು ನಿಲ್ಲಿಸಿದೆ.

ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ಗ್ವಾಡಿ ಇಲ್ಲದ ಮನಿಗೆ ಬಾಗಲಾ ನಿಲ್ಲಿಸಿದಂಗ ಅದ. ಅಪ್ಪ ಮಗಳು ಒಳಗ ಹೋಗತೀರೋ, ಹೊರಗ ಬರತೀರೋ?"

ಪ್ರತಿ ಭಾನುವಾರ ಬೆಳಗ್ಗೆ ಅಪ್ಪ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದ. ನಾನು ಹಲಗೆ ಸರಿಸಿ ನೆಲದ ಮೇಲೆ ಸೀಮೆಸುಣ್ಣದ ಗೆರೆ ಹಾಕುತ್ತಿದ್ದೆ.

"ಎಡಗಡೆದು ಮಂದ ಅದ. ಮುಂದ ತಾ."

ತಂದೆ.

"ಇನ್ನೊಂದು ಗೇಣು."

ಮೂರನೆಯ ಭಾನುವಾರದ ಹೊತ್ತಿಗೆ ಬಲಗಡೆಯ ಗೆರೆಗಳು ಒಂದೇ ಕಡೆ ಒತ್ತೊತ್ತಾಗಿ ಬಿದ್ದಿದ್ದವು. ಎಡಗಡೆಯವು ಮೆಟ್ಟಿಲಿನಂತೆ ಅಪ್ಪನ ಕುರ್ಚಿಯ ಕಡೆಗೆ ಇಳಿದುಬಂದಿದ್ದವು. ಎಡಗಡೆಯ ಹಲಗೆಗೆ ಮಾತ್ರ ದನಿ ಹೆಚ್ಚಲೆಂದು ಬದಿಗಳಲ್ಲಿ ರೆಕ್ಕೆಯಂಥ ಮರದ ಪಟ್ಟಿ ಬಡಿದೆ, ಆಗಲೂ ಮಂದವೇ. ನನಗೆ ಎರಡೂ ಸಮನಾಗಿ ಕೇಳುತ್ತಿದ್ದವು. ಅಪ್ಪನಷ್ಟು ಸೂಕ್ಷ್ಮ ನನ್ನದಲ್ಲ ಎಂದುಕೊಂಡು, ಆ ಸ್ಪೀಕರನ್ನು ಬಿಚ್ಚಿ ಚೀಲದಲ್ಲಿಟ್ಟುಕೊಂಡು ಕ್ಯಾಂಪಿಗೆ ಹೋಗಿ ಅಂಗಡಿಯವರ ಮೇಲೆ ಹರಿಹಾಯ್ದೆ. ಅವರು ಹುಬ್ಬಳ್ಳಿ ಕಡೆಯ ಮುದುಕರು. ಸ್ಪೀಕರನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ನನ್ನ ಕೈಗೇ ಕೊಟ್ಟರು.

"ಬೈಯೋದು ಚೊಲೋ ಬರತದ ನಿಮಗ. ಇದು ಕೆಟ್ಟಿಲ್ರಿ. ಎಡಕಿಂದು ಬಲಕ್ಕ ಹಾಕ್ರಿ, ಬಲಕಿಂದು ಎಡಕ್ಕ. ಮಂದ ಆಗೋದು ಸರದು ಬಲಕ್ಕ ಬಂತು ಅಂದ್ರ ತಪ್ಪು ನಂದು."

"ಬರಲಿಲ್ಲಂದ್ರ?"

"ಬರಲಿಲ್ಲಂದ್ರ ನನ್ನ ಅಂಗಡಿಗೆ ಬರಬ್ಯಾಡ್ರಿ," ಎಂದರು. ಆಮೇಲೆ ದನಿ ತಗ್ಗಿಸಿ, "ಕೇಳೋರು ಯಾರು ಮನ್ಯಾಗ? ವಯಸ್ಸೆಷ್ಟು?" ಎಂದರು. ಸ್ಪೀಕರನ್ನು ಚೀಲಕ್ಕೆ ತುರುಕಿಕೊಂಡು ಬಂದುಬಿಟ್ಟೆ.

ರೆಕ್ಕೆಪಟ್ಟಿ ಕಿತ್ತು, ಸ್ಪೀಕರುಗಳನ್ನು ಅದಲುಬದಲು ಮಾಡಿ, ಎರಡೂ ಹಲಗೆಗಳನ್ನು ಸಮದೂರದಲ್ಲಿಟ್ಟೆ. ಎಡಗಡೆಯೇ ಮಂದ ಎಂದ ಅಪ್ಪ. ತಂತಿಗಳನ್ನು ಬದಲಿಸಿದೆ. ಎಡಗಡೆಯೇ. ಇನ್ನು ಬದಲಿಸದೆ ಉಳಿದದ್ದು ಒಂದೇ. "ಅಪ್ಪಾ, ಕುರ್ಚಿ ತಿರುಗಿಸಿ ಹಿಂದಿನ ಗ್ವಾಡಿ ಕಡೆ ಮುಖ ಮಾಡು," ಎಂದೆ.

ತಿರುಗಿ ಕೂತ. ಈಗ ಎಡಗಡೆಯ ಹಲಗೆ ಅವನ ಬಲಕ್ಕಿತ್ತು. ತಂಬೂರಿ ನುಡಿಯಿತು.

"ಹಾಂ, ಈಗ ಅದು ಸರಿ ಆತು ನೋಡು," ಎಂದು ಆ ಹಲಗೆಯ ಕಡೆ ಬೆರಳು ತೋರಿಸಿದ. "ಈಗ ಇದು ಮಂ—" ಅಲ್ಲಿಗೆ ನಿಲ್ಲಿಸಿದ. ಎತ್ತಿದ ಬೆರಳು ಹಾಗೆಯೇ ಇತ್ತು. ಆಮೇಲೆ ಅದನ್ನು ಮೆಲ್ಲಗೆ ತನ್ನ ಎಡಗಿವಿಯ ಹಿಂದೆ ಇಟ್ಟುಕೊಂಡ.

ಆಸ್ಪತ್ರೆಯ ಗಾಜಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿದ್ದು ಅವನ ಜೀವನದ ಮೊದಲ ಶ್ರವಣ ಪರೀಕ್ಷೆ. ಎರಡೂ ಕಿವಿಗಳಲ್ಲಿ ಎತ್ತರದ ಸ್ವರಗಳು ಸವೆದಿದ್ದವು, ಎಡದಲ್ಲಿ ಬಹಳ ಹೆಚ್ಚು. ಸದ್ದಿನ ಜಾಗದಲ್ಲಿ ಕೆಲಸ ಮಾಡಿದ್ದಿರೇನು ಎಂದು ಪರೀಕ್ಷಿಸಿದಾಕೆ ಮರಾಠಿಯಲ್ಲಿ ಕೇಳಿದಳು. ಅಪ್ಪ ಕಂಪ್ರೆಸರ್ ಹಾಲಿನ ಗುಮಾಸ್ತನಾಗಿದ್ದ. ಗಾಳಿ ಒತ್ತುವ ಆ ಯಂತ್ರಗಳ ಒತ್ತಡವನ್ನು ಗಂಟೆಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆಯುವುದು ಅವನ ಕೆಲಸ. ನೆಲಕ್ಕೆ ಬೋಲ್ಟು ಹೊಡೆದ ಅವನ ಮೇಜಿನ ಎಡಕ್ಕೆ, ತೋಳಿನಳತೆಯಲ್ಲಿ, ಕಂಪ್ರೆಸರ್ ಇತ್ತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಅದು ಅಲ್ಲೇ ಇತ್ತು, ಅವನೂ ಅಲ್ಲೇ ಇದ್ದ. ಕಿವಿಗೆ ಹಾಕಿಕೊಳ್ಳಲು ಒಂದು ತುಂಡು ಹತ್ತಿಯನ್ನೂ ಯಾರೂ ಕೊಡಲಿಲ್ಲ.

ಮನೆಗೆ ಬಂದು ಅವನ ಕಾರ್ಖಾನೆಯ ಫೈಲು ತೆಗೆದೆ. ವಾರ್ಷಿಕ ಆರೋಗ್ಯ ತಪಾಸಣೆಯ ನಮೂನೆಗಳು ವರ್ಷಕ್ಕೊಂದರಂತೆ ಇದ್ದವು. ಶ್ರವಣದ ಮುಂದೆ ಎಲ್ಲದರಲ್ಲೂ 'ನಾರ್ಮಲ್'. ಆ ಇಂಗ್ಲಿಷ್ ಪದದ ಕೊನೆಯ ಅಕ್ಷರದ ಬಾಲ ಬಳ್ಳಿಯ ಕುಡಿಯಂತೆ ಮೇಲಕ್ಕೆ ಸುತ್ತಿತ್ತು. ನನ್ನ ಶಾಲೆಯ ಪುಸ್ತಕಗಳ ಮೇಲೆಲ್ಲ ಇದ್ದ ಅಕ್ಷರ ಅದು.

"ಅಪ್ಪಾ, ಇದು ನಿನ್ನ ಕೈಬರಹ."

"ಹೌದು. ತಪಾಸಣಿ ಕ್ಯಾಂಪಿನ ವ್ಯಾನ್ ಬರತಿತ್ತು, ಡಾಕ್ಟರ್ ಬರತಿದ್ದಿಲ್ಲ. ನಿಮ್ಮ ಅಕ್ಷರ ಭಾಳ ಚೊಲೋ ಅದ, ನೀವೇ ತುಂಬಿಬಿಡ್ರಿ ಅಂತಿದ್ರು ವ್ಯಾನಿನವರು. ಕಂಪ್ರೆಸರ್ ಹಾಲಿನವರದೆಲ್ಲಾ ನಾನೇ ತುಂಬಿದೆ. ನಂದೂ."

"ಯಾರಿಗೂ ಮಂದ ಅನಸಲಿಲ್ಲೇನು?"

"ಅಲ್ಲಿ ಎಲ್ಲಾರೂ ಒದರಿ ಮಾತಾಡ್ತಿದ್ವಿ. ಎಲ್ಲಾರೂ ಒದರಿದ್ರ ಎಲ್ಲಾರಿಗೂ ಕೇಳಸ್ತದ."

ದೂರು ಬರೆಯುತ್ತೇನೆ ಎಂದಾಗ ಒಪ್ಪಲಿಲ್ಲ. "ನಾನೇ ಬರದೇನಿ. ಇನ್ನ ಯಾರ ಮ್ಯಾಲ ಬೊಟ್ಟು ತೋರಸ್ಲಿ?" ಕೆಳಗಿನ ಸಹಿ ನಿನ್ನದಲ್ಲ ಎಂದೆ. ಒಳ್ಳೆಯ ಅಕ್ಷರವಿದ್ದವನಿಂದ ಅವನ ಕಿವುಡನ್ನು ಅವನ ಕೈಯಲ್ಲೇ ಅಳಿಸಿಹಾಕಿಸಿ, ಕೆಳಗೆ ವೈದ್ಯನ ಮುದ್ರೆ ಒತ್ತಿದವರ ಅಪರಾಧ ಅಪ್ಪನ ಅಪರಾಧಕ್ಕೆ ಸಮವಲ್ಲ ಎಂದೆ. ಎರಡು ದಿನದ ಮೇಲೆ ಅಪ್ಪ ನನ್ನ ದೂರಿನ ಕರಡನ್ನು ಕೇಳಿ ತೆಗೆದುಕೊಂಡು, ಕನ್ನಡಕ ಏರಿಸಿ ಓದಿ, ಮೊದಲ ಬೇಡಿಕೆಯಲ್ಲಿದ್ದ ತನ್ನ ಹೆಸರನ್ನು ಹೊಡೆದುಹಾಕಿದ. ಅಂಚಿನಲ್ಲಿ ಅದೇ ಚೆಂದದ ಅಕ್ಷರದಲ್ಲಿ, ಈಗಲೂ ಆ ಹಾಲಿನಲ್ಲಿ ಕೆಲಸ ಮಾಡುತ್ತಿರುವ ಏಳು ಮಂದಿಯ ಹೆಸರು ಬರೆದ. "ಇವರ ನಮೂನೀನೂ ನಾನೇ ತುಂಬೀನಿ. ಮೊದಲು ಇವರದು."

ಆದ್ದರಿಂದ ಕಾರ್ಖಾನೆಯ ಆಡಳಿತವನ್ನೂ ಸಹಿ ಹಾಕಿದ ವೈದ್ಯರನ್ನೂ ವಿಧ್ಯುಕ್ತವಾಗಿ ಕೇಳಿಕೊಳ್ಳುತ್ತೇನೆ. ಅಪ್ಪ ಬರೆದುಕೊಟ್ಟಿರುವ ಏಳು ಮಂದಿಯ ಕಿವಿಗಳನ್ನು ನಿಜವಾದ ಪರೀಕ್ಷಾ ಕೋಣೆಯಲ್ಲಿ, ನಿಜವಾದ ವೈದ್ಯರಿಂದ, ತಡವಿಲ್ಲದೆ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಕಿವಿಗೆ ರಕ್ಷಣೆಯಿಲ್ಲದೆ ಅವರನ್ನು ಆ ಹಾಲಿಗೆ ಕಳಿಸಬಾರದು. ಆ ಮೇಜಿನ ಬೋಲ್ಟು ಬಿಚ್ಚಬೇಕು. ಯಾವ ಪರೀಕ್ಷೆಯ ಆಧಾರದ ಮೇಲೆ ನನ್ನ ತಂದೆಯ ಕಿವಿ ಸಹಜವಾಗಿದೆ ಎಂದು ಇಷ್ಟು ವರ್ಷ ದೃಢೀಕರಿಸಿದಿರಿ ಎಂಬುದಕ್ಕೆ ಉತ್ತರ ಕೊಡಬೇಕು. ಉತ್ತರ ಲಿಖಿತವಾಗಿಯೇ ಇರಲಿ. ದೂರವಾಣಿಯಲ್ಲಿ ಹೇಳಿದರೆ ಅಪ್ಪನಿಗೆ ಸರಿಯಾಗಿ ಕೇಳಿಸುವುದಿಲ್ಲ.