‘ಇತರೆ’ಯ ಕೆಳಗೆ ಹೋದ ಪುಸ್ತಕಗಳು

ಮುಂಬಯಿ ಮಾಟುಂಗದ ನಮ್ಮ ಕನ್ನಡ ಸಂಘದ ವೆಬ್‌ಸೈಟನ್ನು ಏಳೆಂಟು ವರ್ಷ ನಾನೇ ನೋಡಿಕೊಂಡೆ. ಸಂಬಳವಿಲ್ಲ, ಭಾನುವಾರ ಒಂದು ಫಿಲ್ಟರ್ ಕಾಫಿ, ಅಷ್ಟೇ. ವಿಲೆ ಪಾರ್ಲೆಯಿಂದ ಲೋಕಲ್ ರೈಲು ಹಿಡಿದು ಬರುತ್ತಿದ್ದೆ. ಹೊಸ ಪುಟ ಸೇರಿಸುವುದು, ಹಳೆಯ ಫೋಟೋ ತೆಗೆಯುವುದು, ಮೇಲಿನ ಮೆನುವಿನಲ್ಲಿ ಯಾವ ಹೆಸರು ಎಲ್ಲಿರಬೇಕೆಂದು ಎಳೆದು ಕೂರಿಸುವುದು, ಇಷ್ಟೇ ಕೆಲಸ. ಆದರೆ ಜಗಳ ನೋಡಬೇಕಿತ್ತು! ಈಗ ನೆನೆದರೆ ಆ ಜಗಳವೇ ಬೇಕೆನಿಸುತ್ತದೆ.

ನಮ್ಮವರಿಗೆ ಮೆನು ಎಂದರೆ ಮದುವೆಯ ಕರೆಯೋಲೆ. ಹೆಸರು ಬಿಟ್ಟರೂ ಮುನಿಸು, ಕೆಳಗೆ ಹಾಕಿದರೂ ಮುನಿಸು. ಯಕ್ಷಗಾನ ವಿಭಾಗದ ಹಿರಿಯರು ಒಮ್ಮೆ, “ಎಂಥದು ಮಾರಾಯ್ರೆ, ನಮ್ಮನ್ನು ಲೋಕಲ್‌ನ ಫೋರ್ತ್ ಸೀಟಲ್ಲಿ, ಮೂವರ ಬೆಂಚಿನ ತುದಿಗೆ ಕೂರಿಸಿದ್ದೀರಲ್ಲ!” ಎಂದರು. ಹೀಗೆ ಎಲ್ಲರಿಗೂ ಮಣೆ ಹಾಕಿ ಹಾಕಿ ಮೆನು ಹದಿನೆಂಟು ಹೆಸರಿಗೆ ಬೆಳೆಯಿತು.

ಅದರಲ್ಲಿ ಗದ್ದಲವಿಲ್ಲದ್ದು ಒಂದೇ, ಗ್ರಂಥಾಲಯ. ಅದನ್ನು ನಡೆಸುತ್ತಿದ್ದವರು ಕಾಂದಿವಲಿಯಿಂದ ಬರುವ, ಬಾಗಲಕೋಟೆ ಕಡೆಯ ಅಜ್ಜಿ. ಓದುಗರೆಲ್ಲ ದೂರದೂರದ ಉಪನಗರದವರು. ಗ್ರಂಥಾಲಯದ ಪುಟದಲ್ಲಿ ಬೇಕಾದ ಪುಸ್ತಕದ ಹೆಸರು ಬರೆದು ಕಳಿಸಿದರೆ, ಭಾನುವಾರ ಅಜ್ಜಿ ಅದನ್ನು ತೆಗೆದು, ಧೂಳೊರೆಸಿ, ಚೀಟಿ ಹಚ್ಚಿ ಇಡುತ್ತಿದ್ದರು. ಹಿಂದಿರುಗಿಸಲು ಬಂದವರನ್ನು, “ಓದಿದ್ಯೋ, ಬರೇ ಒಯ್ದು ತಂದ್ಯೋ?” ಎಂದು ಕೇಳದೆ ಬಿಡುತ್ತಿರಲಿಲ್ಲ. ನನ್ನ ಕಂಪ್ಯೂಟರಿದ್ದದ್ದೂ ಅದೇ ಕೋಣೆಯಲ್ಲಿ. ಅಲ್ಲಿ ಕೂತಷ್ಟು ಹಾಯಾಗಿ ನಾನು ಮುಂಬಯಿಯಲ್ಲಿ ಇನ್ನೆಲ್ಲೂ ಕೂತಿಲ್ಲ.

ಒಂದು ವರ್ಷ ಸಮಿತಿಯ ಕಣ್ಣು ಆ ಕೋಣೆಯ ಮೇಲೆ ಬಿತ್ತು. ಮೂರು ತಿಂಗಳು ನೋಡೋಣ, ಪುಸ್ತಕ ಕೇಳುವವರಿದ್ದರೆ ಗ್ರಂಥಾಲಯ ಇರಲಿ, ಇಲ್ಲವಾದರೆ ಖಾಲಿ ಮಾಡೋಣ ಎಂದು ತೀರ್ಮಾನವಾಯಿತು. ಅಜ್ಜಿಯ ಜೀವವೆಲ್ಲ ಆ ಮೂರು ತಿಂಗಳ ಮೇಲೆ ನಿಂತಿತು.

ಅದೇ ವಾರ ಮತ್ತೊಬ್ಬರು ಮೆನುವಿನಲ್ಲಿ ಜಾಗ ಕೇಳಿಕೊಂಡು ಬಂದರು. ನನಗೆ ಸಿಟ್ಟು ನೆತ್ತಿಗೇರಿತು. “ಸಾಕು! ಇದೇನು ಮುನಿಸಿಪಾಲ್ಟಿ ನಲ್ಲೀನಾ, ಕೊಡ ಹಿಡ್ಕೊಂಡು ಕ್ಯೂ ನಿಲ್ಲೋಕೆ? ಇನ್ನು ಯಾರಾದ್ರೂ ಮೆನು ಅಂತ ಬಾಯಿಬಿಟ್ರೆ ಎಲ್ಲಾ ಬಿಟ್ಟು ಹೋಗ್ತೀನಿ!” ಎಂದು ಎಲ್ಲರೆದುರು ಕೂಗಾಡಿದೆ. ಅಜ್ಜಿಯೂ ಅಲ್ಲೇ ಇದ್ದರು. ಕೂತಲ್ಲೇ ಐದು ಹೆಸರು ಉಳಿಸಿ, ಮಿಕ್ಕದ್ದನ್ನೆಲ್ಲ ‘ಇತರೆ’ ಎಂಬುದರ ಕೆಳಗೆ ತಳ್ಳಿದೆ, ಗ್ರಂಥಾಲಯವನ್ನೂ. ಕಂಪ್ಯೂಟರಿನಲ್ಲಿ ಮೌಸ್ ಇಟ್ಟೊಡನೆ ಪಟ್ಟಿ ಚೆಂದವಾಗಿ ಕೆಳಗಿಳಿಯಿತು. ಮೊಬೈಲಿನಲ್ಲಿ ನೋಡುವ ಗೋಜಿಗೆ ಹೋಗಲಿಲ್ಲ. ಆಮೇಲೆ ಯಾರೂ ಚಕಾರವೆತ್ತಲಿಲ್ಲ. ಅಂತೂ ಬುದ್ಧಿ ಬಂತು ಎಂದುಕೊಂಡೆ.

ಮೂರು ತಿಂಗಳಲ್ಲಿ ಒಬ್ಬರೂ ಪುಸ್ತಕ ಕೇಳಲಿಲ್ಲ. ಅಜ್ಜಿ ಮಾತ್ರ ಪ್ರತಿ ಭಾನುವಾರ ಬಂದು ಕಪಾಟು ತೆರೆದು ಕೂರುತ್ತಿದ್ದರು. ಕೊನೆಗೆ ಪುಸ್ತಕಗಳು ರಟ್ಟಿನ ಪೆಟ್ಟಿಗೆ ಸೇರಿ ಟೆಂಪೋ ಹತ್ತಿದವು.

ಹದಿನೈದು ದಿನ ಕಳೆದಿರಬೇಕು. ಲೋಕಲ್‌ನಲ್ಲಿ ನಿಂತು ಮೊಬೈಲಿನಲ್ಲಿ ನಮ್ಮ ವೆಬ್‌ಸೈಟ್ ತೆರೆದೆ. ‘ಇತರೆ’ಯನ್ನು ಒತ್ತಿದೆ. ಏನೂ ತೆರೆಯಲಿಲ್ಲ. ಮತ್ತೆ ಮತ್ತೆ ಒತ್ತಿದೆ. ನಮ್ಮ ಓದುಗರೆಲ್ಲ ಮೊಬೈಲಿನವರೇ. ಪುಟವೇ ಕಾಣದಿದ್ದಾಗ ಗ್ರಂಥಾಲಯ ಮುಚ್ಚಿತೆಂದೇ ತಿಳಿದಿರಬೇಕು. ಅಯ್ಯೋ, ಎಂಥ ಪಾಪಿ ನಾನು!

ಅಂದೇ ಕಾಂದಿವಲಿಗೆ ಹೋದೆ. ತಪ್ಪು ನನ್ನದು ಎಂದು ಹೇಳಿದೆ. ಅಜ್ಜಿ ಚಹಾದ ಲೋಟ ನನ್ನ ಕಡೆ ಸರಿಸಿದರು.

“ನನಗ ಗೊತ್ತಿತ್ತವಾ. ಮೊದಲನೇ ವಾರದಾಗನ ಮೊಮ್ಮಗಳು ಮೊಬೈಲ್‌ನ್ಯಾಗ ತೋರಿಸಿದ್ಲು, ‘ಅಜ್ಜಿ, ಓಪನ್ ಹೀ ನಹೀ ಹೋ ರಹಾ’ ಅಂತ.”

“ಅಯ್ಯೋ, ಹೇಳಬಾರದಿತ್ತಾ ಅಜ್ಜಿ? ಎರಡು ನಿಮಿಷದ ಕೆಲಸ!”

“ಪ್ರತಿ ಐತವಾರ ಹೇಳಬೇಕಂತನ ಬರ್ತಿದ್ದೆ,” ಎಂದರು ಅಜ್ಜಿ. “ಮೆನು ಅಂದ್ರ ಬಿಟ್ಟು ಹೋಗ್ತೀನಿ ಅಂದಿದ್ದಿ. ನಿನ್ನ ಮಾರಿ ನೋಡಿ ಸುಮ್ಮನ ವಾಪಸ್ ಹೋಗ್ತಿದ್ದೆ.”